ಪುಕ್ಕಟೆ ಕಣಜದ ಕಥೆ

ಇತಿಹಾಸದ ತರಗತಿಯಲ್ಲಿ ನಾನು ಪದೇ ಪದೇ ಹೇಳುತ್ತಿದ್ದ ಮಾತೊಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಒಂದು ಘಟನೆ ನಡೆದಾಗ ಅಂದಿನ ಜನ ಏನೆಂದರು ಎಂಬುದೂ ಆ ಘಟನೆಯಷ್ಟೇ ಮುಖ್ಯವಾದ ಆಕರ. ಅವರು ನಕ್ಕದ್ದು ಯಾವುದಕ್ಕೆ, ಹೆದರಿದ್ದು ಯಾವುದಕ್ಕೆ, ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂಬ ಮೂರನ್ನು ಗಮನಿಸಿದರೆ ಆ ಕಾಲದ ಮನಸ್ಸು ತಿಳಿಯುತ್ತದೆ. ಈ ಕ್ರಮವನ್ನು ನಿಮ್ಮಲ್ಲಿ ಬಹುಪಾಲು ಜನ ದಿನವೂ ಬಳಸುವ ಜಿಮೇಲ್ ಎಂಬ ಮಿಂಚಂಚೆ ಸೇವೆಯ ಹುಟ್ಟಿಗೆ ಅನ್ವಯಿಸಿ ನೋಡೋಣವೆಂದು ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. ಜಾಲತಾಣದ ಮೂಲಕ ಯಾರು ಬೇಕಾದರೂ ಉಚಿತವಾಗಿ ಪತ್ರ ಬರೆಯಬಹುದಾದ ಹಾಟ್‌ಮೇಲ್ ಸೇವೆ ೧೯೯೬ರ ಜುಲೈ ೪ರಂದು ಅಮೆರಿಕದಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ನಮ್ಮ ಬೆಂಗಳೂರಿನಲ್ಲಿ ಶಾಲೆ ಓದಿದವರು. ಇನ್ನೊಬ್ಬರು ಜ್ಯಾಕ್ ಸ್ಮಿತ್. ಮರುವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ೨೦೦೪ರ ಆರಂಭದಲ್ಲಿ ಹಾಟ್‌ಮೇಲ್ ತನ್ನ ಉಚಿತ ಬಳಕೆದಾರರಿಗೆ ನೀಡುತ್ತಿದ್ದ ಜಾಗ ಕೇವಲ ೨ ಮೆಗಾಬೈಟ್. ಯಾಹೂ ನೀಡುತ್ತಿದ್ದುದು ೪. ನಾಲ್ಕಾರು ಛಾಯಾಚಿತ್ರಗಳು ಬಂದರೆ ಪೆಟ್ಟಿಗೆ ತುಂಬಿಬಿಡುತ್ತಿತ್ತು. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕುಳಿತವರು ಮೊದಲು ಮಾಡುತ್ತಿದ್ದ ಕೆಲಸವೇ ಹಳೆಯ ಪತ್ರಗಳನ್ನು ಅಳಿಸಿ ಹೊಸ ಪತ್ರಗಳಿಗೆ ಜಾಗ ಮಾಡುವುದು. ಹೊರದೇಶದಲ್ಲಿ ಮಕ್ಕಳಿದ್ದ ತಂದೆತಾಯಿಗಳು ಯಾವುದನ್ನು ಉಳಿಸುವುದು, ಯಾವುದನ್ನು ಅಳಿಸುವುದು ಎಂದು ತೊಳಲಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂತಹ ಕಾಲದಲ್ಲಿ, ೨೦೦೪ರ ಏಪ್ರಿಲ್ ೧ರಂದು, ಗೂಗಲ್ ಸಂಸ್ಥೆ ೧ ಗಿಗಾಬೈಟ್ ಜಾಗವಿರುವ ಉಚಿತ ಅಂಚೆ ಸೇವೆಯನ್ನು ಘೋಷಿಸಿತು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ, ಎರಡು ಸೇರಿನ ಡಬ್ಬಿ ಇಟ್ಟುಕೊಂಡವರ ಮುಂದೆ ಸಾವಿರ ಸೇರಿನ ಕಣಜವನ್ನು ತಂದಿಟ್ಟು ‘ಪುಕ್ಕಟೆ’ ಎಂದಂತೆ. ದಿನವೋ ಮೂರ್ಖರ ದಿನ. ಸಾಲದ್ದಕ್ಕೆ ಅದೇ ದಿನ ಅದೇ ಸಂಸ್ಥೆ, ಚಂದ್ರನ ಮೇಲಿನ ಸಂಶೋಧನಾ ಕೇಂದ್ರಕ್ಕೆ ಕೆಲಸಗಾರರು ಬೇಕೆಂಬ ತಮಾಷೆಯ ಪ್ರಕಟಣೆಯನ್ನೂ ಹೊರಡಿಸಿತ್ತು. ಹೀಗಾಗಿ ಇದೂ ಹಾಸ್ಯವೇ ಇರಬೇಕೆಂದು ಅನೇಕರು ನಕ್ಕರು. ವಾಸ್ತವದಲ್ಲಿ ಪಾಲ್ ಬುಕೈಟ್ ಎಂಬ ತಂತ್ರಜ್ಞರು ೨೦೦೧ರಿಂದಲೇ ಅದರ ಕೆಲಸದಲ್ಲಿ ತೊಡಗಿದ್ದರು. ಪತ್ರಗಳನ್ನು ಅಳಿಸುವ ಅಗತ್ಯವಿಲ್ಲ, ಬೇಕಾದಾಗ ಹುಡುಕಿ ತೆಗೆದರಾಯಿತು ಎಂಬುದೇ ಅದರ ಹಿಂದಿದ್ದ ಆಲೋಚನೆ.

ನಗು ಅಡಗಿದ ಮೇಲೆ ಭಯ ಆರಂಭವಾಯಿತು. ಕಣಜ ಪುಕ್ಕಟೆಯಾದರೆ ಅದರ ಖರ್ಚು ಹೊರುವವರು ಯಾರು? ಜಾಹೀರಾತುದಾರರು. ಪತ್ರದೊಳಗಿನ ಮಾತುಗಳನ್ನು ತಂತ್ರಾಂಶವೇ ಪರಿಶೀಲಿಸಿ, ಅವುಗಳಿಗೆ ಹೊಂದುವ ಜಾಹೀರಾತುಗಳನ್ನು ಪಕ್ಕದಲ್ಲಿ ತೋರಿಸುವ ವ್ಯವಸ್ಥೆ ಅದು. ಮನುಷ್ಯರಾರೂ ಓದುವುದಿಲ್ಲ, ಯಂತ್ರ ಮಾತ್ರ ನೋಡುತ್ತದೆ ಎಂದು ಸಂಸ್ಥೆ ಸಮಜಾಯಿಷಿ ನೀಡಿತು. ಆದರೂ ಅದೇ ಏಪ್ರಿಲ್‌ನಲ್ಲಿ, ಜನರ ಖಾಸಗಿತನ ಮತ್ತು ನಾಗರಿಕ ಹಕ್ಕುಗಳಿಗಾಗಿ ದುಡಿಯುವ ೩೧ ಸಂಘಟನೆಗಳು ಈ ಸೇವೆಯನ್ನು ತಡೆಹಿಡಿಯಬೇಕೆಂದು ಬಹಿರಂಗ ಪತ್ರ ಬರೆದವು. ಕ್ಯಾಲಿಫೋರ್ನಿಯಾದ ಸೆನೆಟರ್ ಲಿಜ್ ಫಿಗೆರೋವಾ ಮಸೂದೆಯನ್ನೇ ಮಂಡಿಸಿದರು, ಅದು ಶಾಸನವಾಗಲಿಲ್ಲ.

ಇತ್ತ ಭಯಕ್ಕಿಂತ ಆಸೆಯೇ ಬಲವಾಯಿತು. ಆಗಲೇ ಸದಸ್ಯರಾದವರು ಆಹ್ವಾನ ಕಳಿಸಿದರೆ ಮಾತ್ರ ಜಿಮೇಲ್ ಖಾತೆ ಸಿಗುತ್ತಿತ್ತು. ಉಚಿತ ವಸ್ತುವಿನ ಆಹ್ವಾನವನ್ನು ಜನ ಈಬೇಯಲ್ಲಿ ಹಣ ಕೊಟ್ಟು ಕೊಂಡರು! ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಅಮೆರಿಕದಲ್ಲಿದ್ದ ನನ್ನ ಶಿಷ್ಯನೊಬ್ಬ ನನಗೂ ಆಹ್ವಾನ ಕಳಿಸಿ, “ಮೇಷ್ಟ್ರೇ, ಇನ್ನು ಮೇಲೆ ಯಾವ ಪತ್ರವನ್ನೂ ಅಳಿಸಬೇಡಿ” ಎಂದು ಬರೆದಿದ್ದ. ಯಾಹೂ, ಹಾಟ್‌ಮೇಲ್‌ಗಳೂ ಪೈಪೋಟಿಯಲ್ಲಿ ತಮ್ಮ ಜಾಗವನ್ನು ಹಿಗ್ಗಿಸಿದವು. ೨೦೦೭ರ ಫೆಬ್ರವರಿಯಲ್ಲಿ ಜಿಮೇಲ್ ಬಾಗಿಲು ಆಹ್ವಾನವಿಲ್ಲದೆಯೇ ಎಲ್ಲರಿಗೂ ತೆರೆಯಿತು. ‘ಬೀಟಾ’, ಅಂದರೆ ಪ್ರಯೋಗಾವಸ್ಥೆ ಎಂಬ ಹಣೆಪಟ್ಟಿ ಕಳಚಿದ್ದು ೨೦೦೯ರ ಜುಲೈನಲ್ಲಿ. ಐದು ವರ್ಷ ಪ್ರಯೋಗದಲ್ಲೇ ಇದ್ದ ವಸ್ತುವಿಗೆ ಜನ ತಮ್ಮ ಬದುಕಿನ ಪತ್ರವ್ಯವಹಾರವನ್ನೆಲ್ಲ ಒಪ್ಪಿಸಿದ್ದರು.

ಇಂದು ಹಿಂದಿರುಗಿ ನೋಡಿದರೆ, ನಕ್ಕವರ ಅನುಮಾನ ಬಹುಬೇಗ ಕರಗಿತು. ಹೆದರಿದವರ ಮಾತಿನಲ್ಲಿ ಹುರುಳಿತ್ತು. ಜಾಹೀರಾತಿಗಾಗಿ ಪತ್ರಗಳನ್ನು ಪರಿಶೀಲಿಸುವುದನ್ನು ನಿಲ್ಲಿಸುವುದಾಗಿ ಗೂಗಲ್ ಸಂಸ್ಥೆಯೇ ೨೦೧೭ರ ಜೂನ್‌ನಲ್ಲಿ, ಹದಿಮೂರು ವರ್ಷಗಳ ತರುವಾಯ, ಪ್ರಕಟಿಸಿತು. ಆದರೆ ನಗು ಮತ್ತು ಭಯಗಳ ಗದ್ದಲದಲ್ಲಿ ಬಹುತೇಕ ಯಾರ ಬಾಯಲ್ಲೂ ಬಾರದ ಮೂರನೆಯ ಪ್ರಶ್ನೆಯೊಂದಿತ್ತು: ಈ ಕಣಜ ಎಷ್ಟು ಕಾಲ ನಿಲ್ಲುತ್ತದೆ?

ಅದೇ ೨೦೦೪ರ ಜನವರಿಯಲ್ಲಿ ಅದೇ ಸಂಸ್ಥೆ ಆರಂಭಿಸಿದ ಆರ್ಕುಟ್ ಇದಕ್ಕೆ ಉತ್ತರ ಹೇಳಿತು. ಬ್ರೆಜಿಲ್ ಮತ್ತು ಭಾರತಗಳಲ್ಲಿ ಅದು ಮನೆಮಾತಾಗಿತ್ತು. ಶಾಲೆ ಬಿಟ್ಟು ಚದುರಿಹೋದ ಗೆಳೆಯರು ಅಲ್ಲಿ ಮತ್ತೆ ಕೂಡಿದರು, ಒಬ್ಬರ ಬಗ್ಗೆ ಒಬ್ಬರು ಮೆಚ್ಚುಗೆಯ ನುಡಿಗಳನ್ನು ಬರೆದರು. ೨೦೧೪ರ ಸೆಪ್ಟೆಂಬರ್ ೩೦ರಂದು ಅದು ಮುಚ್ಚಿತು. ಮುನ್ಸೂಚನೆ ಇತ್ತು, ಬರೆದದ್ದನ್ನು ಇಳಿಸಿಕೊಳ್ಳಲು ಅವಕಾಶವೂ ಇತ್ತು; ಆದರೆ ಇಳಿಸಿಕೊಳ್ಳದವರ ಪಾಲಿಗೆ ಹತ್ತು ವರ್ಷದ ಮಾತುಕತೆ ಮಾಯವಾಯಿತು.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕೂ ಇದೆ. ಯೂನಿಕೋಡ್ ಬಳಕೆ ಹರಡುವ ಮೊದಲು ನಾವು ಬೇರೆ ಬೇರೆ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಬರೆದ ಪತ್ರಗಳನ್ನು ಇಂದು ತೆರೆದರೆ, ಆ ಅಕ್ಷರವಿನ್ಯಾಸ ಗಣಕಯಂತ್ರದಲ್ಲಿ ಇಲ್ಲದಿದ್ದಲ್ಲಿ, ಅರ್ಥವಿಲ್ಲದ ರೋಮನ್ ಗುರುತುಗಳ ಸಾಲಷ್ಟೇ ಕಾಣುತ್ತದೆ. ಪತ್ರ ಉಳಿದರೂ ಓದು ಉಳಿಯಲಿಲ್ಲ.

೨೦೨೩ರ ಮೇ ತಿಂಗಳಲ್ಲಿ ಗೂಗಲ್ ಮತ್ತೊಂದು ನಿಯಮ ಪ್ರಕಟಿಸಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಪತ್ರ, ಚಿತ್ರಗಳ ಸಮೇತ ಅಳಿಸಬಹುದು. ಈ ಕ್ರಮ ಆ ವರ್ಷದ ಡಿಸೆಂಬರ್‌ನಿಂದ ಜಾರಿಗೆ ಬರುತ್ತದೆ ಎಂದು. ಪಾಳುಬಿದ್ದ ಖಾತೆಗಳು ಕಳ್ಳರ ಕೈಗೆ ಸುಲಭವಾಗಿ ಸಿಗುತ್ತವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣ ಸರಿಯಾಗಿಯೇ ಇದೆ. ಆದರೆ ಯೋಚಿಸಿ: ಎರಡು ವರ್ಷ ಖಾತೆಯನ್ನು ತೆರೆಯದೆ ಇರುವವರು ಯಾರು? ಮರೆತವರು, ಹಾಸಿಗೆ ಹಿಡಿದವರು, ತೀರಿಕೊಂಡವರು.

ನನ್ನ ಷಡ್ಡಕರು ತಮ್ಮ ಕೊನೆಯ ವರ್ಷಗಳಲ್ಲಿ ನಮ್ಮ ಮನೆತನಗಳ ಹಳೆಯ ಸಂಗತಿಗಳನ್ನು ಒಂದೊಂದಾಗಿ ಮಿಂಚಂಚೆಯಲ್ಲಿ ಬರೆದು ಬಂಧುಗಳಿಗೆ ಕಳಿಸುತ್ತಿದ್ದರು. ಅವರ ನಂತರ ಆ ಖಾತೆಯ ಗುಪ್ತಪದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಬಳಿ ಅಚ್ಚು ಹಾಕಿಸಿ ಇಟ್ಟ ಹನ್ನೊಂದು ಪತ್ರಗಳಿವೆ. ಮಿಕ್ಕವು ಎಷ್ಟಿದ್ದವೆಂದು ಹೇಳುವವರಿಲ್ಲ. ಅದೇ ನನ್ನ ತಂದೆಯವರು ಗೋಡೆಯ ಮೊಳೆಗೆ ತೂಗುಹಾಕಿದ ತಂತಿಗೆ ಚುಚ್ಚಿಡುತ್ತಿದ್ದ ಕಾರ್ಡು, ಇನ್‌ಲ್ಯಾಂಡ್ ಪತ್ರಗಳು ನಡುವೆ ತೂತಾಗಿದ್ದರೂ ಇಂದಿಗೂ ಓದಲು ಬರುತ್ತವೆ.

ಆದ್ದರಿಂದ ಪ್ರಿಯ ಶಿಷ್ಯರೇ, ಬಂಧುಗಳೇ, ಹೊಸ ಸೇವೆಯೊಂದು ಬಂದಾಗ ನಗಿರಿ, ಹೆದರಿರಿ, ಬಳಸಿರಿ. ಜೊತೆಗೆ ಆ ಮೂರನೆಯ ಪ್ರಶ್ನೆಯನ್ನೂ ಕೇಳಿರಿ. ಗೂಗಲ್ ಖಾತೆಯಲ್ಲಿ, ತಾನು ಇಷ್ಟು ತಿಂಗಳು ಬಾರದಿದ್ದರೆ ಇಂಥವರಿಗೆ ತಿಳಿಸಿ ಎಂದು ನಂಬಿಕಸ್ಥರನ್ನು ಹೆಸರಿಸುವ ಸೌಲಭ್ಯ ೨೦೧೩ರಿಂದ ಇದೆ. ಅದನ್ನು ಭರ್ತಿ ಮಾಡಿ. ‘ಟೇಕ್‌ಔಟ್’ ಎಂಬಲ್ಲಿ ಎಲ್ಲ ಪತ್ರಗಳನ್ನೂ ಇಳಿಸಿಕೊಳ್ಳಬಹುದು, ವರ್ಷಕ್ಕೊಮ್ಮೆ ಇಳಿಸಿಕೊಳ್ಳಿ. ಅಮ್ಮನ, ಅಜ್ಜನ ಪತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿಡಿ. ಕಣಜ ಯಾರದಾದರೂ ಆಗಲಿ, ಬಿತ್ತನೆಯ ಕಾಳನ್ನು ರೈತ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ.