ಮಾತು ಬಿಟ್ಟವರು, ಮಾತು ಕಟ್ಟಿದವರು

ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಗಂಟೆಯೊಂದರ ಮೇಲೆ ತುಸು ಹೊತ್ತಿನ ಹಾದಿ. ಆದರೆ ನಾಟಕ ಬರೆಯುವ ಹವ್ಯಾಸ ಹಚ್ಚಿಕೊಂಡ ನನಗೆ ಈ ಎರಡು ಊರುಗಳ ನಡುವಿನ ಅಂತರವನ್ನು ಸವೆಸಲು ಅರ್ಧ ಆಯುಷ್ಯವೇ ಹಿಡಿಯಿತು.

ಪುತ್ತೂರೆಂದರೆ ಶಿವರಾಮ ಕಾರಂತರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಅವರು ಬಾಳಿನ ಸುಮಾರು ನಾಲ್ಕು ದಶಕಗಳನ್ನು ಕಳೆದುದು ಈ ಊರಿನಲ್ಲಿ. 1930ರಲ್ಲಿ ‘ಡೊಮಿಂಗೊ’ ಎಂಬ ಮೂಕಚಿತ್ರ ತೆಗೆದವರು, ಪರ್ಲಡ್ಕದ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದವರು, ಒಬ್ಬರೇ ಕುಳಿತು ಮಕ್ಕಳಿಗೆ ವಿಶ್ವಕೋಶ ಬರೆದವರು. ಯಕ್ಷಗಾನದ ಗೀಳು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಅಷ್ಟಕ್ಕೆ ತೃಪ್ತರಾಗದೆ, ಇರುಳಿಡೀ ನಡೆಯುವ ಆಟವನ್ನು ಕಿರಿದುಗೊಳಿಸಿ, ಪಾತ್ರಗಳ ಮಾತನ್ನೇ ತೆಗೆದುಹಾಕಿ, ಹಾಡು, ಹೆಜ್ಜೆ, ಮುಖಭಾವಗಳಿಂದಲೇ ಕಥೆ ನಡೆಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಜೊತೆಗಿರಿಸಿದರು. ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರೆಂದು ಬೇರೆ ಹೇಳಬೇಕೆ?

ನನ್ನ ಕಿವಿ ಬೆಳೆದುದಾದರೋ ಮಾತಿನಲ್ಲಿ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದುವೆಂದರೆ ನಮ್ಮ ಕಡೆ ತಾಳಮದ್ದಲೆಯ ಕಾಲ. ತಂದೆಯವರು ಸೂಟೆ ಹಿಡಿದು ಮುಂದೆ, ನಾನು ಕೊಡೆಯೊಳಗೆ ಹಿಂದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದರೆ ಅಂಗಿ ಶಾಲಿನ ಗೃಹಸ್ಥರೊಬ್ಬರು ಕುಳಿತಲ್ಲೇ ಕೌರವನಾಗಿಬಿಡುತ್ತಿದ್ದರು. ಪದ್ಯ ಕವಿಯದು, ಅರ್ಥ ಆ ಕ್ಷಣದ್ದು. ಕಾರಂತರು ಯಾವುದನ್ನು ಬಿಟ್ಟರೋ ಅದೊಂದೇ ಇಲ್ಲಿ ಉಳಿದಿತ್ತು.

ನನ್ನ ಮೊದಲ ನಾಟಕದ ನಾಯಕ ನಾಲ್ಕು ಪುಟ ಮಾತನಾಡಿದ. ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಹಿರಿಯರು ಒಬ್ಬೊಬ್ಬರಾಗಿ ಆಕಳಿಸಿದರು. ನಾಚಿ, ಕಾರಂತರನ್ನು ನೆನೆದು, ಎರಡನೆಯದರಲ್ಲಿ ಮಾತನ್ನೆಲ್ಲ ಕತ್ತರಿಸಿದೆ. ಪಾತ್ರಧಾರಿ ಬಂದು, ‘ಅಣ್ಣ, ನಾನು ಸುಮ್ಮನೆ ನಿಂತು ಏನು ಮಾಡಲಿ?’ ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ಮಾತು ಬಿಡಲು ಕಾರಂತರಿಗೆ ಕುಣಿತವಿತ್ತು; ನನಗೇನಿತ್ತು?

ಆಗ ಮತ್ತೆ ನೆನಪಾದವರು ಸುಳ್ಯದ ಕಡೆಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914–1984). ಅರ್ಥಧಾರಿಗಳಲ್ಲಿ ಅಬ್ಬರಿಸುವವರಿಗೆ ಬರಗಾಲವಿಲ್ಲ. ದೇರಾಜೆಯವರದು ತಣ್ಣನೆಯ ಮಾತು, ತರ್ಕದ ಎಳೆ ಎಲ್ಲಿಯೂ ಕಡಿಯದ ಮಾತು. ಕುರುಕ್ಷೇತ್ರದ ಯುದ್ಧಕ್ಕೆ ಹೊಣೆ ಯಾರೆಂದು ವಿಚಾರಣೆ ನಡೆಸುವ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಪುಸ್ತಕವನ್ನು ಬರೆದವರು ಅವರೇ. ಇಂಥದು ತಾಳಮದ್ದಲೆಯಲ್ಲಿ ಪಳಗಿದವರಿಗೇ ಹೊಳೆಯಬೇಕು. ಅಲ್ಲಿ ಎದುರಾಳಿಗೂ ಒಂದು ನ್ಯಾಯವಿರುತ್ತದೆ, ಅದನ್ನು ಪೂರ್ತಿ ಆಡಗೊಡಬೇಕು. ನನ್ನ ನಾಯಕನ ನಾಲ್ಕು ಪುಟಕ್ಕೆ ಎದುರು ಯಾರೂ ಇರಲಿಲ್ಲ, ಆಕಳಿಕೆ ಹುಟ್ಟಿದುದು ಅಲ್ಲಿಯೇ.

ಹಾಗಾದರೆ ಕಾರಂತರನ್ನು ಬಿಟ್ಟೆನೇ? ಬಿಡಲಾಗಲಿಲ್ಲ. 1943ರ ‘ಬೆಟ್ಟದ ಜೀವ’ವನ್ನು ಇನ್ನೊಮ್ಮೆ ಓದಿದೆ. ಅದು ಕುಮಾರಪರ್ವತದ ಬುಡದ, ಇಂದು ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಸುತ್ತಣ ಕಾಡಿನ ಕಥೆ. ಸಂಜೆಗತ್ತಲಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯನ ಮನೆ ಸೇರುತ್ತಾನೆ. ಮುಂದೆ? ಮುಂದೆ ಹೆಚ್ಚಿನದೆಲ್ಲ ಆ ಮುದುಕನ ಮಾತೇ! ಊಟದ ಮಾತು, ತೋಟದ ಮಾತು, ಹುಲಿಯ ಮಾತು. ರಂಗದಲ್ಲಿ ಮಾತನ್ನು ಕಿತ್ತೆಸೆದ ಕೈಯೇ ಕಾಗದದ ಮೇಲೆ ಅದನ್ನು ಇಷ್ಟು ಧಾರಾಳವಾಗಿ ಹರಿಸಿದೆ. ಎಷ್ಟು ಆಡಿದರೂ ಮನೆ ಬಿಟ್ಟುಹೋದ ಮಗನ ಕೊರಗು ಮಾತ್ರ ಅದರ ಅಡಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಹಿಂದೆ ಎರಡು ಬಾರಿ ಓದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಹೊಸ ನಾಟಕಕ್ಕೆ ಕೈಹಾಕಿದೆ. ಮೂರನೆಯ ಅಂಕದಲ್ಲಿ ಮುದುಕನೊಬ್ಬ ಜಗಲಿಯಲ್ಲಿ ಅಡಕೆ ಸುಲಿಯುತ್ತ, ಬೆಂಗಳೂರಿನಲ್ಲಿರುವ ಮಗನೊಬ್ಬನನ್ನು ಬಿಟ್ಟು ಲೋಕದ ಎಲ್ಲ ವಿಚಾರಗಳನ್ನೂ ಮಾತನಾಡುತ್ತಾನೆ. ಒಳಗಿನಿಂದ ಹೆಂಡತಿ ಒಂದೊಂದಕ್ಕೂ ಅಡ್ಡ ಹೇಳುತ್ತಾಳೆ. ಮಾತು ಎರಡು ಪುಟಕ್ಕೆ ಬಂದಿದೆ. ಇನ್ನೂ ಹೊಡೆದುಹಾಕಿಲ್ಲ.