ಎಂಬತ್ತಡಿಯ ಉದ್ದೇಶ, ನೂರಿಪ್ಪತ್ನಾಲ್ಕಡಿಯ ಇರಾದೆ

ನಮ್ಮ ಐಟಿ ಮಂದಿಗೆ ವರ್ಷಕ್ಕೊಮ್ಮೆ ಒಂದು ಫಾರ್ಮ್ ತುಂಬುವ ಯೋಗ ಬರುತ್ತೆ. ಅದರಲ್ಲಿ ಗೋಲ್ ಅಂತ ಒಂದು ಕಾಲಂ, ಅಬ್ಜೆಕ್ಟಿವ್ ಅಂತ ಇನ್ನೊಂದು, ಟಾರ್ಗೆಟ್ ಅಂತ ಮತ್ತೊಂದು. ಮೂರರಲ್ಲೂ ಒಂದೇ ವಾಕ್ಯವನ್ನು ಹಿಂದುಮುಂದು ಮಾಡಿ ಬರೆದು ಕಳಿಸುವವರೇ ಜಾಸ್ತಿ :-) ಇಂಗ್ಲಿಷಿನಲ್ಲಿ ಇನ್ನೂ ಇವೆ: ಏಮ್, ಪರ್ಪಸ್, ಇಂಟೆನ್ಷನ್. ನಾವು ಎಲ್ಲದಕ್ಕೂ 'ಉದ್ದೇಶ' ಅಂತಲೋ 'ಗುರಿ' ಅಂತಲೋ ಅಂದು ಕೈತೊಳೆದುಕೊಳ್ಳುತ್ತೇವೆ. ಈ ಪದಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಯಾರಿಗೆ ಬೇಕು ಅನ್ನೋರು ಕನ್ನಂಬಾಡಿ ಕಟ್ಟೆಯ ಕಥೆಯನ್ನು ಒಮ್ಮೆ ಓದಬೇಕು. ಕೃಷ್ಣಮೂರ್ತಿಪುರಂನಲ್ಲಿ ಬೆಳೆದ ನನ್ನಂಥವರಿಗೆ ಅದು ಭಾನುವಾರದ ಪಿಕ್ನಿಕ್ ಜಾಗ, ಅಷ್ಟೆ. ಆದರೆ ಅದರ ಅಡಿಪಾಯದ ಕೆಳಗೆ ಇರೋದು ಇದೇ ಪದಗಳ ಜಗಳ.

ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದದ್ದು ೧೯೦೯ರ ನವೆಂಬರಿನಲ್ಲಿ. ಆಗ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಏಳು ವರ್ಷ. ೧೯೦೨ರಿಂದ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮೇಲೆ ಒಂದು ಅಣೆಕಟ್ಟು ಕಟ್ಟಿ ನೀರು ಹಿಡಿದಿಟ್ಟುಕೊಂಡರೆ ಗಣಿಗೆ ವರ್ಷವಿಡೀ ವಿದ್ಯುತ್ತು, ಅದರ ಆದಾಯದಿಂದ ಕಟ್ಟೆಯ ಖರ್ಚಿಗೆ ದಾರಿ, ಉಳಿದ ನೀರಿನಿಂದ ಮಂಡ್ಯದ ಕಡೆಯ ಒಣಭೂಮಿಗೆ ಕಾಲುವೆ. ಸಂಸ್ಥಾನದ ಹಣಕಾಸಿನವರು ಇಷ್ಟು ದೊಡ್ಡ ಮೊತ್ತ ನೋಡಿ ಹಿಂಜರಿದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿ, ೧೯೧೧ರಲ್ಲಿ ಕೆಲಸ ಶುರುವಾಯಿತು.

ಆದರೆ ಮೈಸೂರು ಒಪ್ಪಿದರೆ ಸಾಕಾಗುತ್ತಿರಲಿಲ್ಲ. ೧೮೯೨ರ ಒಪ್ಪಂದದ ಪ್ರಕಾರ ಕಾವೇರಿಯ ಮೇಲೆ ಹೊಸ ಕಟ್ಟೆಗೆ ಮದರಾಸು ಸರ್ಕಾರದ ಸಮ್ಮತಿ ಬೇಕು. ೧೯೧೦ರಲ್ಲಿ ಮೈಸೂರು ಕೇಳಿದ್ದು ೪೧.೫ ಟಿಎಂಸಿ ನೀರು ನಿಲ್ಲಿಸುವ ಜಲಾಶಯ, ಅಂದರೆ ನದೀತಳದಿಂದ ೧೨೪ ಅಡಿ ನೀರು. ಮೆಟ್ಟೂರಿನಲ್ಲಿ ತನ್ನದೇ ದೊಡ್ಡ ಯೋಜನೆ ಇಟ್ಟುಕೊಂಡಿದ್ದ ಮದರಾಸು ಒಲ್ಲೆ ಅಂದಿತು. ಭಾರತ ಸರ್ಕಾರದ ಮಧ್ಯಪ್ರವೇಶದ ಮೇಲೆ ಮೈಸೂರಿಗೆ ಸಿಕ್ಕಿದ್ದು ೧೧ ಟಿಎಂಸಿಗೆ ಅನುಮತಿ, ಅಂದರೆ ಎಂಬತ್ತಡಿ.

ಮೈಸೂರು ಮಾಡಿದ್ದೇನು ಗೊತ್ತೆ? ಅನುಮತಿ ಎಂಬತ್ತಡಿಗೆ, ಅಡಿಪಾಯ ಮಾತ್ರ ೧೨೪ ಅಡಿಗೆ ತಕ್ಕಂತೆ!

ಇಲ್ಲಿ ಸ್ವಲ್ಪ ಇಂಜಿನಿಯರಿಂಗ್ ಹೇಳಲೇಬೇಕು, ಬೇಸರವಾದರೆ ಈ ಪ್ಯಾರಾ ಹಾರಿಸಿ. ಕನ್ನಂಬಾಡಿ ತನ್ನ ಭಾರದಿಂದಲೇ ನಿಲ್ಲುವ ಕಟ್ಟೆ. ನೀರಿನ ತಳ್ಳುವಿಕೆ ಆಳದ ವರ್ಗದಂತೆ ಹೆಚ್ಚುತ್ತೆ, ಕಟ್ಟೆಯನ್ನು ಮಗುಚಿ ಹಾಕುವ ಶಕ್ತಿ ಆಳದ ಘನದಂತೆ. ಎಂಬತ್ತಕ್ಕೂ ನೂರಿಪ್ಪತ್ನಾಲ್ಕಕ್ಕೂ ಇರುವ ವ್ಯತ್ಯಾಸ ಒಂದೂವರೆ ಪಟ್ಟು ಅನ್ನಿಸಿದರೂ ತಳ್ಳುವಿಕೆ ೨.೪ ಪಟ್ಟು, ಮಗುಚುವ ಶಕ್ತಿ ಸುಮಾರು ೩.೭ ಪಟ್ಟು. ಸಣ್ಣ ಪಾಯದ ಮೇಲೆ ಮನೆಗೆ ಮಹಡಿ ಏರಿಸಿದ ಹಾಗೆ ಮೇಲೆ ನಾಲ್ಕು ಸಾಲು ಕಲ್ಲು ಪೇರಿಸಿ ಮುಗಿಸೋಕೆ ಆಗಲ್ಲ. ಮುಂದೊಂದು ದಿನ ಎತ್ತರಿಸುವ ಮನಸ್ಸಿದ್ದರೆ ಬುಡವನ್ನು ಮೊದಲೇ ಅಗಲ ಇಡಬೇಕು. ಹಾಗಾಗಿ ಪಾಯ ನೋಡಿದವನಿಗೆ ಮನಸ್ಸೂ ಕಾಣುತ್ತೆ.

ಪದಗಳ ವಿಷಯ ಶುರುವಾಗೋದೇ ಇಲ್ಲಿ. ಅನುಮತಿ ಸಿಕ್ಕ ಕಟ್ಟೆಯ ಪರ್ಪಸ್ ಏನು ಅಂತ ಕೇಳಿದರೆ ಉತ್ತರ ಸುಲಭ: ಶಿವನಸಮುದ್ರಕ್ಕೆ ನೀರು. ಪರ್ಪಸ್ ಅಂದರೆ ಮುಂದೆ ಇಟ್ಟು ತೋರಿಸಿದ್ದು, ಪದದ ಮೂಲಾರ್ಥವೂ ಹೆಚ್ಚುಕಮ್ಮಿ ಅದೇ. ನಮ್ಮ 'ಉದ್ದೇಶ'ವೂ ಬೆರಳು ಮಾಡಿ ತೋರಿಸಿದ್ದೇ. ಟಾರ್ಗೆಟ್ ಅಳೆಯೋಕೆ ಸಿಗುವಂಥದ್ದು (ಆ ಪದ ಮೊದಲು ಸಣ್ಣ ಗುರಾಣಿಗೆ ಇದ್ದ ಹೆಸರು): ಎಂಬತ್ತಡಿ, ೧೧ ಟಿಎಂಸಿ. ಆದರೆ ಇಂಟೆನ್ಷನ್? ಅದರ ಲ್ಯಾಟಿನ್ ಮೂಲಕ್ಕೆ ಎಳೆದು ಚಾಚು ಅನ್ನೋ ಅರ್ಥ, ಬಿಲ್ಲು ಎಳೆಯುವುದಕ್ಕೂ ಅದೇ ಪದ. ಬಾಣ ಇನ್ನೂ ಬಿಟ್ಟಿಲ್ಲ, ಆದರೆ ಹೆದೆ ಎಳೆದಾಗಿದೆ. ಕನ್ನಂಬಾಡಿಯ ಅಗಲದ ಬುಡ ಥೇಟ್ ಹೀಗೇ, ಎಳೆದು ಹಿಡಿದ ಬಿಲ್ಲು.

ಇದಕ್ಕೆ ಕನ್ನಡದಲ್ಲಿ ಯಾವ ಪದ? ನನಗೆ 'ಆಶಯ' ಇಷ್ಟ. ಸಂಸ್ಕೃತದ ಮಲಗು, ಇರು ಅನ್ನೋ ಧಾತುವಿನಿಂದ ಬಂದದ್ದು, ಒಳಗೆ ತಂಗಿರುವುದು ಅಂತ. ಜಲಾಶಯದಲ್ಲಿ ಇರೋದೂ ಇದೇ ಆಶಯ ನೋಡಿ! ಆದರೆ ಈಗ ಆಶಯ ಅಂದರೆ ಸಭೆಗಳಲ್ಲಿ ಹಾರೈಸುವ ಮಾತಾಗಿಬಿಟ್ಟಿದೆ. 'ಧ್ಯೇಯ' ಅಂದರೆ ತೀರಾ ಎತ್ತರದ್ದು, ಶಾಲೆಯ ಗೋಡೆ ಮೇಲೆ ಬರೆಯುವಂಥದ್ದು. 'ಸಂಚು' ಅಂದರೆ ಮದರಾಸಿನವರ ಪಕ್ಷ ವಹಿಸಿದಂತಾಗುತ್ತೆ. ಉಳಿಯೋದು 'ಇರಾದೆ'. ಅರಬ್ಬಿಯಿಂದ ಪಾರ್ಸಿ-ಉರ್ದುಗಳ ಮೂಲಕ ಬಂದು ನಮ್ಮದೇ ಆಗಿರುವ ಪದ. 'ಅವನ ಇರಾದೆ ಏನು?' ಅಂತ ಕೇಳುವಾಗ ನಾವು ಹೊರಗೆ ಹೇಳಿದ್ದನ್ನು ಕೇಳುತ್ತಿರೋದಿಲ್ಲ. ಅಂದಹಾಗೆ ಕಟ್ಟೆ ಕೆಲಸದ ಕಾಲದಲ್ಲಿ ಅಲ್ಲೇ ಸಿಕ್ಕ ೧೭೯೪ರ ಪಾರ್ಸಿ ಶಾಸನವೊಂದಿದೆ. ಅದೇ ಜಾಗದಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಲು ಟಿಪ್ಪು ಸುಲ್ತಾನ್ ಹೊರಟಿದ್ದಕ್ಕೆ ಸಾಕ್ಷಿ. ಅವನ ಇರಾದೆ ಕಲ್ಲಿನ ಮೇಲೆ ಉಳಿಯಿತು, ನದಿಗೆ ತಲುಪಲಿಲ್ಲ.

ಹಾಗಾದರೆ ಮೈಸೂರು ಮೋಸ ಮಾಡಿತಾ? ನನಗೆ ಹಾಗನ್ನಿಸಲ್ಲ. ಮುಚ್ಚಿಟ್ಟಿದ್ದರೆ ತಾನೆ ಮೋಸ? ೧೨೪ ಅಡಿ ಬೇಕು ಅಂತ ೧೯೧೦ರಲ್ಲೇ ಕಾಗದದಲ್ಲಿ ಕೇಳಿಯಾಗಿತ್ತು. ಮೈಸೂರಿನ ಇರಾದೆ ಎಲ್ಲರಿಗೂ ಗೊತ್ತಿದ್ದದ್ದೇ, ಒಪ್ಪಿಗೆ ಸಿಕ್ಕಿರಲಿಲ್ಲ ಅಷ್ಟೆ. ಹಾಗಂತ ಮದರಾಸಿನ ಸಿಟ್ಟು ಸುಳ್ಳು ಅಂತಲೂ ಹೇಳಲಾರೆ. ತಂಜಾವೂರಿನ ಗದ್ದೆಯವನಿಗೆ ನಿಮ್ಮ ಅರ್ಜಿಯಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ನಿಮ್ಮ ಪಾಯ ಎಷ್ಟು ಅಗಲ ಅನ್ನೋದೇ ಮುಖ್ಯ.

ಜಗಳ ಪಂಚಾಯ್ತಿಗೆ ಹೋಯಿತು. ೧೯೧೩ರ ಜುಲೈನಲ್ಲಿ ಎಚ್. ಡಿ. ಗ್ರಿಫಿನ್ ಅವರ ಮುಂದೆ ವಿಚಾರಣೆ ಆರಂಭವಾಗಿ, ೧೯೧೪ರ ಮೇ ೧೨ರಂದು ತೀರ್ಪು ಬಂತು, ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿಯೇ. ಭಾರತ ಸರ್ಕಾರ ಅದನ್ನು ಒಪ್ಪಿತು, ಮದರಾಸು ಲಂಡನ್ನಿಗೆ ಮೇಲ್ಮನವಿ ಹೋಯಿತು. ಮತ್ತೆ ವರ್ಷಗಟ್ಟಲೆ ಓಲೆ, ಮಾತುಕತೆ. ಅಷ್ಟರಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯ ೧೯೧೮ರಲ್ಲಿ ಹುದ್ದೆಯನ್ನೇ ಬಿಟ್ಟಿದ್ದರು. ೧೯೨೪ರ ಫೆಬ್ರವರಿ ೧೮ರ ಒಪ್ಪಂದದಲ್ಲಿ ಮೈಸೂರಿಗೆ ೪೪.೮೨೭ ಟಿಎಂಸಿಯ ಕನ್ನಂಬಾಡಿ ಮತ್ತು ೧,೨೫,೦೦೦ ಎಕರೆ ಹೊಸ ನೀರಾವರಿ, ಮದರಾಸಿಗೆ ೯೩.೫ ಟಿಎಂಸಿಯ ಮೆಟ್ಟೂರು ಮತ್ತು ೩,೦೧,೦೦೦ ಎಕರೆ ಅಂತ ಆಯಿತು. ಹದಿಮೂರು ವರ್ಷ ಕಾದಿದ್ದ ಬುಡದ ಮೇಲೆ ಪೂರ್ತಿ ಎತ್ತರಕ್ಕೆ ಕಡೆಗೂ ಹಕ್ಕು ಸಿಕ್ಕಿತು.

ಆಮೇಲೆ ಆಗಿದ್ದರಲ್ಲಿ ಎಷ್ಟು ಯಾರ ಉದ್ದೇಶವಾಗಿತ್ತೋ! ಗಣಿಯ ಹೆಸರಿನಲ್ಲಿ ಎದ್ದ ಕಟ್ಟೆಯಿಂದ ಮಂಡ್ಯಕ್ಕೆ ಕಬ್ಬು ಬಂತು, ೧೯೩೩ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ೧೯೩೯ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬೃಂದಾವನ ತೋಟ. ಕೋಲಾರದ ಗಣಿ ೨೦೦೧ರಲ್ಲಿ ಮುಚ್ಚಿತು. ಮೊದಲು ಬೆರಳು ಮಾಡಿ ತೋರಿಸಿದ ಉದ್ದೇಶವೇ ಮಾಯ, ಕಟ್ಟೆ ಇದೆ.

ಇನ್ನೊಂದು ವ್ಯತ್ಯಾಸ ನನ್ನನ್ನು ಕಾಡುತ್ತೆ. ೧೮೬೦ರ ದಂಡ ಸಂಹಿತೆಯಿಂದ ೨೦೨೪ರಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯವರೆಗೂ ಕೊಲೆಯ ಕಾನೂನಿನಲ್ಲಿ 'ಹೀಗಾಗಲಿ ಎಂಬ ಉದ್ದೇಶ' ಬೇರೆ, 'ಹೀಗಾಗುತ್ತದೆ ಎಂಬ ಅರಿವು' ಬೇರೆ. ಹಳೆಯ ಕನ್ನಂಬಾಡಿ ಊರನ್ನು ಮುಳುಗಿಸುವುದು ಯಾರ ಉದ್ದೇಶವೂ ಅಲ್ಲ. ಆದರೆ ನಕ್ಷೆ ಬರೆದವರಿಗೆ ನೀರು ಎಲ್ಲೀತನಕ ನಿಲ್ಲುತ್ತೆ ಅಂತ ಅಡಿಯ ಲೆಕ್ಕದಲ್ಲಿ ಗೊತ್ತಿತ್ತು. ಎಂಬತ್ತಡಿಗೆ ಮುಳುಗುವ ಹೊಲ ಬೇರೆ, ೧೨೪ಕ್ಕೆ ಮುಳುಗುವ ಹೊಲ ಬೇರೆ. ಎರಡರ ನಡುವಿನ ಪಟ್ಟಿಯಲ್ಲಿ ಮನೆ ಇದ್ದವರು ೧೯೧೧ರಿಂದ ೧೯೨೪ರವರೆಗೆ ಏನಂದುಕೊಂಡು ಬಿತ್ತಿರಬೇಕು? ಅವರಿಗೆ ಯಾರಾದರೂ ಹೇಳಿರಬೇಕಿದ್ದದ್ದು ಉದ್ದೇಶವನ್ನೋ, ಇರಾದೆಯನ್ನೋ?

ಆ ಊರಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ತಲೆ ಎತ್ತುತ್ತಿತ್ತು. ಈಗ ಅದನ್ನು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ಪತ್ರಿಕೆ ತೆಗೆದರೆ ಕೆಆರ್‌ಎಸ್‌ನ ನೀರಿನ ಮಟ್ಟ ಇರುತ್ತೆ, ಪಕ್ಕದಲ್ಲೇ ಗರಿಷ್ಠ ಮಟ್ಟ: ೧೨೪.೮೦ ಅಡಿ.