ಅಕ್ಷರ ಗುರುತು, ಆಳಿನ ಗುರುತು

ಅರೆಕೆರೆಯ ನನ್ನ ಕೋಣೆಗೆ ಬೇಗೂರು ದೂರವಲ್ಲ. ಅಲ್ಲಿನ ನಾಗೇಶ್ವರ ದೇವಾಲಯದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ, ಇಸವಿಯಿಲ್ಲ. ಇಂಥ ಕಲ್ಲುಗಳ ಕಾಲವನ್ನು ಲಿಪಿಯ ಆಕಾರ ನೋಡಿಯೂ ಅಂದಾಜಿಸುತ್ತಾರೆ. ಇದಕ್ಕೆ ಸುಮಾರು ಕ್ರಿ.ಶ. 890 ಎಂದಿದ್ದಾರೆ.

ಕಾಲ ಸಿಕ್ಕರೆ ವ್ಯಕ್ತಿಯೂ ಸಿಗಬೇಕಲ್ಲವೇ? ಬೇರೆ ಎರಡು ಶಾಸನಗಳ ‘ಳ’ಕಾರ ಒಂದೇ ಕೈಯದೆಂದು ನನ್ನ ಪ್ರಬಂಧದಲ್ಲಿ ಬರೆದೂಬಿಟ್ಟೆ.

ಆದರೆ ಶಾಸನವನ್ನು ಬರೆದವನೊಬ್ಬ, ಕಂಡರಿಸಿದವನೊಬ್ಬ ಇರುವುದುಂಟು. ಹಸ್ತಪ್ರತಿಯಲ್ಲೂ ಇದು ಸುಲಭವಲ್ಲ. ಚಾಸರ್‌ನ ‘ಕ್ಯಾಂಟರ್ಬರಿ ಟೇಲ್ಸ್’ನ ಎರಡು ಪ್ರಮುಖ ಪ್ರತಿಗಳ ಲಿಪಿಕಾರ ಆಡಂ ಪಿಂಕ್‌ಹರ್ಸ್ಟ್ ಎಂದು 2004ರಲ್ಲಿ ಲಿನ್ ಮೂನಿ ಗುರುತಿಸಿದರು. ಆ ಅಕ್ಷರರೂಪಗಳು ಅಂದಿನ ಹಲವು ಲಿಪಿಕಾರರಲ್ಲೂ ಇದ್ದವೆಂದು ಇತರರು ಆಕ್ಷೇಪಿಸಿದರು.

ನನ್ನ ಸಾಲನ್ನು ಹೊಡೆದುಹಾಕಿದೆ. ಒಂದು ಅಕ್ಷರ ಗುರುಮನೆಯ ರೂಢಿಯನ್ನು ಹೇಳೀತು. ಆಳನ್ನು ಹೆಸರಿಸಲು ಅದೊಂದೇ ಸಾಲದು.